ಮನವಿ ಪತ್ರ ಯಾರ ಮೇಜಿಗೆ ಹೋಗಬೇಕು?

ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆ ಸಿಗುತ್ತಿಲ್ಲ ಎಂಬ ದೂರು ಬಂದರೆ ಹೆಚ್ಚಿನ ಸಂಘಟನೆಗಳು ಮೊದಲು ಮಾಡುವುದು ಸಹಿ ಸಂಗ್ರಹ. ಸಾವಿರ ಸಹಿಯ ಮನವಿ ಪತ್ರ ಮಂತ್ರಿಗಳಿಗೆ ಹೋಗುತ್ತದೆ. ಅಲ್ಲಿಂದ 'ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಹೊತ್ತು ಒಂದೊಂದೇ ಕಚೇರಿ ಕೆಳಗಿಳಿದು, ಕೊನೆಗೆ ಅದೇ ಆರೋಗ್ಯ ಕೇಂದ್ರದ ಮೇಜಿಗೆ ಬಂದು ಕೂರುತ್ತದೆ. ಅಲ್ಲಿನ ಫಾರ್ಮಸಿಸ್ಟ್ ಕೈಯಲ್ಲಿ ಮಾತ್ರೆ ಖರೀದಿಸುವ ಅಧಿಕಾರವೇ ಇರುವುದಿಲ್ಲ.

ಸಹಿಗೆ ಮುಂಚೆ ಕೊರತೆ ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕಬೇಕು. ಔಷಧಿಯ ವಿಷಯದಲ್ಲಿ ಜಾಗ ನಾಲ್ಕು: ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಅದು ಇಲ್ಲದಿರಬಹುದು, ಪಟ್ಟಿಯಲ್ಲಿದ್ದೂ ಬಜೆಟ್ ಸಾಲದಿರಬಹುದು, ಹಣವಿದ್ದೂ ಟೆಂಡರ್ ತಡವಾಗಿರಬಹುದು, ಖರೀದಿಯಾಗಿದ್ದೂ ಉಗ್ರಾಣದಿಂದ ಹೊರಡದೆ ಉಳಿದಿರಬಹುದು. ನಾಲ್ಕಕ್ಕೂ ಬೇರೆ ಬೇರೆ ಅಧಿಕಾರಿ, ಬೇರೆ ಬೇರೆ ಕಡತ. ಉಗ್ರಾಣದ ಸಮಸ್ಯೆಗೆ ಹೊಸ ಕಾನೂನು ಕೇಳಿದರೆ ವರ್ಷಗಳೇ ಕಳೆಯುತ್ತವೆ, ಮಾತ್ರೆ ಮಾತ್ರ ಬರುವುದಿಲ್ಲ.

ಹುಡುಕುವ ವಿಧಾನ ಸರಳ, ಆದರೆ ಶಿಸ್ತು ಬೇಡುತ್ತದೆ. ಹತ್ತು ಔಷಧಿ ಆರಿಸಿ. ಪ್ರತಿ ವಾರ ಒಂದೇ ದಿನ, ಒಂದೇ ನಮೂನೆಯಲ್ಲಿ, 12 ವಾರ ಬರೆದಿಡಿ. ಒಂದು ಕೇಂದ್ರಕ್ಕೆ 120 ದಾಖಲೆ ಸಿಗುತ್ತವೆ. 'ಇದೆ', 'ಇಲ್ಲ' ಎಂದಷ್ಟೇ ಬರೆದರೆ ಸಾಲದು. ಹತ್ತೇ ಮಾತ್ರೆ ಉಳಿದಿದ್ದರೂ ರಿಜಿಸ್ಟರಿನಲ್ಲಿ ಅದು 'ಇದೆ' ಎಂದೇ ಇರುತ್ತದೆ. ಈಗಿನ ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ. ಅವಧಿ ಮುಗಿದ ಸರಕನ್ನು ಬೇರೆ ಕಾಲಂನಲ್ಲಿ ತೋರಿಸಿ. ಕನಿಷ್ಠ ನಾಲ್ಕೈದು ಕೇಂದ್ರಗಳಲ್ಲಿ ಒಟ್ಟಿಗೆ ಮಾಡಿ, ಏಕೆಂದರೆ ಉತ್ತರ ಸಿಗುವುದು ಹೋಲಿಕೆಯಲ್ಲಿ. ಎಲ್ಲ ಕಡೆ ಒಂದೇ ಔಷಧಿ ಒಂದೇ ವಾರ ಖಾಲಿಯಾದರೆ ಮೊದಲು ಖರೀದಿಯನ್ನು ಅನುಮಾನಿಸಿ. ಪಕ್ಕದ ಕೇಂದ್ರದಲ್ಲಿ ಇದ್ದು ಇಲ್ಲಿ ಮಾತ್ರ ಇಲ್ಲವೆಂದರೆ ಇಂಡೆಂಟ್ (ಕೇಂದ್ರವು ಉಗ್ರಾಣಕ್ಕೆ ಕಳುಹಿಸುವ ಬೇಡಿಕೆ ಪಟ್ಟಿ) ಅಥವಾ ಸಾಗಾಟವನ್ನು ಅನುಮಾನಿಸಿ. ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲೇ ಖಾಲಿಯಾದರೆ ಹಣ ಸಾಲದಿರುವ ಸಾಧ್ಯತೆ ಹೆಚ್ಚು. 12 ವಾರವೂ ಎಲ್ಲಿಯೂ ಕಾಣದಿದ್ದರೆ ಪಟ್ಟಿಯನ್ನೇ ತೆರೆದು ನೋಡಿ.

ಈ ಹಂತದಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು, ದೂರು ಕೊಡಲು ಬಂದವರನ್ನಷ್ಟೇ ಮಾತಾಡಿಸಿ 'ನೂರಕ್ಕೆ ಎಂಬತ್ತು ಜನರಿಗೆ ಔಷಧಿ ಸಿಗುತ್ತಿಲ್ಲ' ಎಂದು ಬರೆಯುವುದು. ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೇ ಆ ಅಂಕಿ ಬಿದ್ದುಹೋಗುತ್ತದೆ, ಜೊತೆಗೆ ಸರಿಯಾಗಿದ್ದ ಉಳಿದ ಅಂಕಿಗಳೂ ನಂಬಿಕೆ ಕಳೆದುಕೊಳ್ಳುತ್ತವೆ. ಎರಡನೆಯದು ಇನ್ನೂ ಗಂಭೀರ: ರೋಗಿಯ ಹೆಸರು ಬಿಟ್ಟರೆ ಸಾಕು ಎಂದುಕೊಳ್ಳುವುದು. ಸಣ್ಣ ಊರಿನಲ್ಲಿ ವಯಸ್ಸು, ಬೀದಿ, ಕಾಯಿಲೆ ಮೂರನ್ನು ಬರೆದರೆ ಆ ವ್ಯಕ್ತಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಕ್ಷಯ, ಎಚ್‌ಐವಿಯಂಥ ಕಾಯಿಲೆಯಲ್ಲಿ ಇದರಿಂದ ಆಗುವ ಹಾನಿ ಸರಿಪಡಿಸಲಾಗದ್ದು.

ಅಂಕಿಯ ಜೊತೆ ಊರಿನ ತಿಳಿವಳಿಕೆಯೂ ಬೇಕು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ಜಾನ್ ಸ್ನೋ ಸಾವುಗಳ ಲೆಕ್ಕ ಹಿಡಿದು ಒಂದು ನೀರಿನ ಪಂಪಿನತ್ತ ಬೆರಳು ತೋರಿಸಿದರು. ಆ ಪಂಪಿನ ಬಾವಿಗೆ ಕೊಳೆ ಸೇರಿದ ಬಗೆಯನ್ನು ಪತ್ತೆಮಾಡಲು ನೆರವಾದವರು ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್. ಮನೆಮನೆ ಬಲ್ಲವರಾಗಿದ್ದ ಅವರು, ಬಾವಿಯ ಮಗ್ಗುಲ ಮನೆಯಲ್ಲಿ ಕಾಯಿಲೆಬಿದ್ದ ಕೂಸಿನ ಬಟ್ಟೆ ಒಗೆದ ನೀರು ಹೋಗುತ್ತಿದ್ದ ಗುಂಡಿಯವರೆಗೂ ಜಾಡು ಹಿಡಿದರು.

ಬೇಡಿಕೆಯನ್ನು ಒಂದೇ ಪುಟದಲ್ಲಿ ಬರೆಯಿರಿ. ಯಾರು, ಯಾವ ಆದೇಶವನ್ನು, ಯಾವ ದಿನಾಂಕದೊಳಗೆ ಹೊರಡಿಸಬೇಕು ಎಂಬುದು ಮೊದಲ ಸಾಲಿನಲ್ಲೇ ಇರಲಿ. 'ಔಷಧಿ ಪೂರೈಕೆ ಸುಧಾರಿಸಿ' ಎಂಬುದಕ್ಕೆ 'ಪರಿಶೀಲಿಸಲಾಗುವುದು' ಎಂದಷ್ಟೇ ಉತ್ತರ ಬರುತ್ತದೆ. 'ದಾಸ್ತಾನು 30 ದಿನಕ್ಕಿಂತ ಕಡಿಮೆಯಾದ ಕೂಡಲೇ ಇಂಡೆಂಟ್ ಕಳುಹಿಸಬೇಕೆಂದು ಸುತ್ತೋಲೆ ಹೊರಡಿಸಿ' ಎಂದರೆ ಒಪ್ಪಬೇಕು, ಇಲ್ಲವೇ ಯಾಕೆ ಆಗದೆಂದು ಹೇಳಬೇಕು. ಭೇಟಿಗೆ ಮೂವರು ಸಾಕು: ತೊಂದರೆ ಅನುಭವಿಸಿದವರೊಬ್ಬರು, ಅಂಕಿ ಬಲ್ಲವರೊಬ್ಬರು, ಬೇಡಿಕೆಯನ್ನು ನೇರವಾಗಿ ಕೇಳುವವರೊಬ್ಬರು. ಮಾತಿನಲ್ಲಿ ಒಪ್ಪಿಕೊಂಡದ್ದನ್ನು ಮರುದಿನವೇ ಪತ್ರದಲ್ಲಿ ಬರೆದು ಕಳುಹಿಸಿ, ಸ್ವೀಕೃತಿ ಪಡೆಯಿರಿ. ಕಡತದಲ್ಲಿ ಟಿಪ್ಪಣಿ ಬರೆಯುವ ಗುಮಾಸ್ತರನ್ನು ಕಾಣದೆ ಬರಬೇಡಿ. ಸಹಿ ಹಾಕುವವರ ಮುಂದೆ ಹೋಗುವುದು ಅವರು ಬರೆದ ಮಾತು.

ಹಣ ಬೇಕಾದ ಬೇಡಿಕೆಯಾದರೆ ಬಜೆಟ್ ಮಂಡನೆಯ ದಿನ ಮೆರವಣಿಗೆ ಮಾಡಿ ಪ್ರಯೋಜನ ಕಡಿಮೆ. ಇಲಾಖೆಗಳ ಪ್ರಸ್ತಾವನೆ ತಿಂಗಳುಗಳ ಮೊದಲೇ ಸಿದ್ಧವಾಗಿರುತ್ತದೆ. ಆ ಕೊನೆಯ ದಿನಾಂಕವನ್ನು ಕೇಳಿ ತಿಳಿದು, ಅಲ್ಲಿಂದ ಹಿಂದಕ್ಕೆ ಎಣಿಸಿ 12 ವಾರದ ದಾಖಲೆ ಶುರುಮಾಡಿ.

ದೇಣಿಗೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯಡಿ 2003ರಲ್ಲಿ ಅಂಗೀಕಾರವಾಗಿ 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣ ಒಪ್ಪಂದದ 5.3ನೇ ವಿಧಿ, ತಂಬಾಕು ನೀತಿಯನ್ನು ಆ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆನ್ನುತ್ತದೆ. ಔಷಧಿಯ ವಿಷಯದಲ್ಲೂ ಅದೇ ಎಚ್ಚರ ಬೇಕು: ಔಷಧಿ ಪಟ್ಟಿಗೆ ಹೊಸದೊಂದು ಮಾತ್ರೆ ಸೇರಿಸಿ ಎಂದು ಕೇಳುವ ಸಂಘಟನೆ, ಅದನ್ನು ತಯಾರಿಸುವ ಕಂಪನಿಯ ಹಣ ಪಡೆದಿದ್ದರೆ ಆ ಬೇಡಿಕೆಗೆ ಬೆಲೆ ಉಳಿಯದು.

ಆದೇಶ ಬಂದ ದಿನ ಸಿಹಿ ಹಂಚಿ ಚದುರಿಹೋಗುವುದು ಕೊನೆಯ ದೊಡ್ಡ ತಪ್ಪು. ಬ್ರಾಡ್ ಸ್ಟ್ರೀಟ್ ಪಂಪಿನ ಹಿಡಿಯನ್ನು ತೆಗೆಸಿದ್ದರು ನಿಜ, ಕಾಯಿಲೆ ಇಳಿದ ಮೇಲೆ ಅದನ್ನು ಮತ್ತೆ ಹಾಕಲಾಯಿತು. ಸ್ನೋ ಅವರ ವಾದವನ್ನು ಅಧಿಕಾರಿಗಳು ಆಗ ಒಪ್ಪಿರಲಿಲ್ಲ. ಸುತ್ತೋಲೆ ಎಲ್ಲ ಕೇಂದ್ರಗಳಿಗೂ ತಲುಪಿದೆಯೇ ಎಂದು ಮೊದಲ ತಿಂಗಳಲ್ಲೇ ಹೋಗಿ ನೋಡಿ. ಅದೇ ಹತ್ತು ಔಷಧಿ, ಅದೇ ನಮೂನೆ, ವಾರದ ಅದೇ ದಿನ, ಇನ್ನೊಂದು 12 ವಾರ ಬರೆದು, ಹಳೆಯ ಹಾಳೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅದೇ ಅಧಿಕಾರಿಗೆ ಕೊಡಿ.