ಠಸ್ಸೆ ಬಿದ್ದ ನೋಟುಗಳ ಪರವಾಗಿ

ಮುಂಬಯಿಯ ಫೋರ್ಟ್ ಭಾಗದ ಹಳೆ ನೋಟಿನ ಅಂಗಡಿಗಳಲ್ಲಾಗಲಿ, ಕಫ್ ಪರೇಡಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಲ್ಲಾಗಲಿ ಮೊದಲು ಕಿವಿಗೆ ಬೀಳುವ ಮಾತು ‘ಕಡಕ್’. ಮಡಿಕೆಯಿಲ್ಲದ, ಕಲೆಯಿಲ್ಲದ, ಯಾರ ಕೈಯೂ ತಾಗಿಲ್ಲವೆಂಬಂತೆ ಕಾಣುವ ನೋಟಿಗೆ ಬೆಲೆ ಹೆಚ್ಚು. ಮಡಚಿದ್ದಕ್ಕೆ, ಹಿಂಬದಿಯಲ್ಲಿ ಯಾರೋ ಲೆಕ್ಕ ಗೀಚಿದ್ದಕ್ಕೆ, ಠಸ್ಸೆ ಒತ್ತಿದ್ದಕ್ಕೆ ಬೆಲೆ ಕಡಿಮೆ. ನಮ್ಮ ದೇಶದ ನೋಟುಗಳ ಮಟ್ಟಿಗೆ ಈ ಲೆಕ್ಕಾಚಾರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಾನು ಸಂಗ್ರಹಿಸುವುದು ಮುಖ್ಯವಾಗಿ ಮೆಕ್ಸಿಕೋ ಕ್ರಾಂತಿಯ ನಡುವೆ, 1913ರಿಂದ 1916ರೊಳಗೆ ಹೊರಬಿದ್ದ ತುರ್ತು ನೋಟುಗಳನ್ನು. ಅವುಗಳ ವಿಷಯದಲ್ಲಿ ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಅಭಿಪ್ರಾಯ.

1913ರ ಫೆಬ್ರವರಿಯಲ್ಲಿ ಅಧ್ಯಕ್ಷ ಫ್ರಾನ್ಸಿಸ್ಕೊ ಮಡೇರೊ ಅವರನ್ನು ಕೆಳಗಿಳಿಸಿ ಕೊಲ್ಲಲಾಯಿತು. ಅಧಿಕಾರ ಸೇನಾಪತಿ ವೆರ್ತಾನ ಕೈಸೇರಿತು. ಜನ ಬೆಳ್ಳಿಯ ಪೆಸೊಗಳನ್ನು ಬಚ್ಚಿಟ್ಟರು, ಚಿಲ್ಲರೆ ಕಣ್ಮರೆಯಾಯಿತು. ವೆರ್ತಾನ ವಿರುದ್ಧ ದಂಡೆದ್ದ ಕೊವಾವಿಲಾ ರಾಜ್ಯದ ಗವರ್ನರ್ ಕರ್ರಾನ್ಸಾ ಅವರಿಗೆ ಸೈನಿಕರ ಸಂಬಳಕ್ಕೂ ಕುದುರೆಗಳ ಮೇವಿಗೂ ಹಣ ಬೇಕಿತ್ತು. ಆದ್ದರಿಂದ ಅದೇ ವರ್ಷದ ಏಪ್ರಿಲ್ 26ರಂದು ಮೊಂಕ್ಲೋವಾ ಪಟ್ಟಣದಿಂದ ಆಜ್ಞೆ ಹೊರಡಿಸಿ 50 ಲಕ್ಷ ಪೆಸೊ ಮೌಲ್ಯದ ಕಾಗದದ ಹಣ ಅಚ್ಚು ಹಾಕಿಸಲು ತೊಡಗಿದರು. ಅದರ ಬೆನ್ನಿಗೆ ಇದ್ದದ್ದು ಬೆಳ್ಳಿಯೂ ಅಲ್ಲ, ಬಂಗಾರವೂ ಅಲ್ಲ, ಕ್ರಾಂತಿ ಗೆದ್ದರೆ ಸಲ್ಲಿಸುತ್ತೇವೆಂಬ ಭರವಸೆ ಮಾತ್ರ. ಡಿಸೆಂಬರಿನಲ್ಲಿ ಕ್ರಾಂತಿಯ ಇನ್ನೊಬ್ಬ ದಂಡನಾಯಕ ಪಾಂಚೊ ವಿಲ್ಲಾ ಚಿವಾವಾ ರಾಜ್ಯವನ್ನು ಹಿಡಿದು ತನ್ನದೇ ನೋಟುಗಳನ್ನು ಹೊರತಂದ. ಅವು ಎಷ್ಟು ಸರಳವಾಗಿದ್ದವೆಂದರೆ ಜನ ಅವನ್ನು ಹಾಸಿಗೆಯ ಹೊದಿಕೆಗೆ ಹೋಲಿಸಿ ‘ಸಾಬನಾ’ ಎಂದು ಕರೆದರು, ಖೋಟಾ ಮಾಡುವವರಿಗೂ ಅವು ಸುಲಭದ ತುತ್ತಾದವು. 1914ರಲ್ಲಿ ಬಂದ ನೋಟುಗಳ ಮೇಲೆ ಮಡೇರೊ ಅವರ ಮತ್ತು ಕೊಲೆಯಾದ ಚಿವಾವಾದ ಗವರ್ನರ್ ಅಬ್ರಹಾಂ ಗೊನ್ಸಾಲೆಸ್ ಅವರ ಭಾವಚಿತ್ರಗಳಿದ್ದವು. ಸಂಗ್ರಾಹಕರು ಇಂದಿಗೂ ಅವನ್ನು ‘ದೋಸ್ ಕರೀತಾಸ್’, ಎಂದರೆ ಎರಡು ಮುಖದ ನೋಟು, ಎಂದೇ ಗುರುತಿಸುತ್ತಾರೆ.

ವೆರ್ತಾ 1914ರ ಜುಲೈಯಲ್ಲಿ ಓಡಿಹೋದ ಮೇಲೆ ಗೆದ್ದವರೇ ಪರಸ್ಪರ ಹೊಡೆದಾಡಿದರು. ಕರ್ರಾನ್ಸಾ ನವೆಂಬರಿನಲ್ಲಿ ರಾಜಧಾನಿಯನ್ನು ಬಿಟ್ಟು ವೆರಾಕ್ರೂಸ್ ಬಂದರಿಗೆ ಸರಿದು ಅಲ್ಲಿಂದಲೂ ನೋಟು ಹೊರಡಿಸಿದರು. ಊರನ್ನು ಯಾವ ಸೇನೆ ಹಿಡಿದಿದೆಯೋ ಅದರ ನೋಟೇ ಊರಿನ ಹಣ. ಎದುರಾಳಿಯ ನೋಟನ್ನು ಮುಟ್ಟಿದರೆ ಅಪಾಯ, ಮುಟ್ಟದಿದ್ದರೂ ಅಪಾಯ. ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿದ್ದ ಹಣ ದಂಡು ಬದಲಾದ ದಿನ ಕುರುಡು ಕಾಸಿಗೂ ಸಮವಾಗದೆ ಹೋಗಬಹುದಿತ್ತು. ಹಳೆಯ ನೋಟುಗಳಲ್ಲಿ ತಮಗೆ ಒಪ್ಪಿಗೆಯಾದವಕ್ಕೆ ಮರುಮಾನ್ಯತೆಯ ಠಸ್ಸೆ ಒತ್ತುವ ಪದ್ಧತಿ ಬಂದದ್ದು ಇಂಥ ಗೊಂದಲದ ನಡುವೆ.

ನನ್ನಲ್ಲಿರುವ ಒಂದು ಪೆಸೊ ನೋಟನ್ನೇ ನೋಡಿ. ನಾಲ್ಕಾಗಿ ಮಡಚಿ ಮಡಚಿ ನಡುವೆ ಸಣ್ಣ ತೂತು ಬಿದ್ದಿದೆ, ಒಂದು ಮೂಲೆ ಬೆವರಿನಿಂದಲೋ ಎಣ್ಣೆಯಿಂದಲೋ ಕಂದಾಗಿದೆ. ಮುಖಭಾಗದ ಮೇಲೆ ಸ್ವಲ್ಪ ಓರೆಯಾಗಿ, ನೇರಳೆ ಶಾಯಿಯಲ್ಲಿ ‘ರೆವಾಲಿದಾದೊ’, ಎಂದರೆ ಮರುಮಾನ್ಯ, ಎಂಬ ಮುದ್ರೆ, ಅದರ ಕೆಳಗೆ 1914ರ ಡಿಸೆಂಬರ್ 17ರ ಆಜ್ಞೆಯ ಉಲ್ಲೇಖ. ಒತ್ತಿದವನ ಕೈ ಒಂದು ಕಡೆಗೆ ಹೆಚ್ಚು ಭಾರ ಹಾಕಿದ್ದರಿಂದ ಅರ್ಧ ಅಕ್ಷರಗಳು ದಟ್ಟವಾಗಿ, ಉಳಿದರ್ಧ ಮಾಸಲಾಗಿ ಮೂಡಿವೆ. ಬ್ಯಾಂಕಿನ ನಗದು ವಿಭಾಗದಲ್ಲಿ ವೃತ್ತಿಜೀವನ ಕಳೆದ ನನಗೆ, ಎದುರಿಗೆ ಉದ್ದದ ಸಾಲು ನಿಂತಾಗ ಒತ್ತಿದ ಠಸ್ಸೆ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಇದೇ ನೋಟು ಠಸ್ಸೆಯಿಲ್ಲದೆ ಕಡಕ್ಕಾಗಿ ಸಿಕ್ಕಿದ್ದರೆ ಅದು ಅಚ್ಚುಕೂಟದಿಂದ ನೇರವಾಗಿ ಯಾವುದೋ ಕಟ್ಟಿನಲ್ಲಿ ಉಳಿದು ಬಂದಿರುವ ಸಾಧ್ಯತೆಯೇ ಹೆಚ್ಚು. ಅದರಿಂದ ಯಾರೂ ಜೋಳ ಕೊಂಡಿರಲಾರರು.

ನಮ್ಮ ಸಂಗ್ರಾಹಕ ಮಿತ್ರರ ನಿಲುವಿನಲ್ಲಿ ಒಂದು ವಿಚಿತ್ರವಿದೆ. ಭಾರತದ ಹಳೆಯ ನೋಟುಗಳ ಕಟ್ಟಿಗೆ ಬ್ಯಾಂಕುಗಳು ಪಿನ್ನು ಹೊಡೆಯುತ್ತಿದ್ದವು; 2001ರಲ್ಲಿ ರಿಸರ್ವ್ ಬ್ಯಾಂಕು ಅದನ್ನು ನಿಲ್ಲಿಸುವಂತೆ ಆದೇಶಿಸಿತು. ಅದಕ್ಕಿಂತ ಹಿಂದಿನ ನೋಟಿನಲ್ಲಿ ಪಿನ್ನಿನ ತೂತನ್ನು ಇವರು ದೋಷವೆಂದು ಎಣಿಸುವುದೇ ಇಲ್ಲ, ಅದು ಆ ಕಾಲದ ರೀತಿ ಎನ್ನುತ್ತಾರೆ. ಹಾಗಿದ್ದ ಮೇಲೆ, ನೋಟಿನ ಸಾವು ಬದುಕನ್ನೇ ನಿರ್ಧರಿಸಿದ ಠಸ್ಸೆಯನ್ನು ಕೊಳೆ ಎಂದು ಎಣಿಸುವುದು ಯಾವ ನ್ಯಾಯ?

ಖೋಟಾ ನೋಟುಗಳ ವಿಷಯದಲ್ಲೂ ನನ್ನ ದೃಷ್ಟಿ ಇದೇ. ಸಾಬನಾ ಚಲಾವಣೆಯಲ್ಲಿದ್ದಾಗಲೇ ತಯಾರಾದ ಖೋಟಾ ನನಗೆ ಅಸಲಿಯಷ್ಟೇ ಬೇಕಾದ ವಸ್ತು. ಬೇಡವಾದದ್ದು ಈಚೆಗೆ ಮಾರಾಟಕ್ಕೆಂದೇ ಮುದ್ರಿಸಿದ ಪ್ರತಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳು ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದರೆ ಅದು ಇಂದಿನ ಮುದ್ರಣ. ಅಚ್ಚುಮೊಳೆಯಿಂದ ಒತ್ತಿದ ಅಂಕಿಗಳಾದರೆ ಹಿಂಬದಿಯಲ್ಲಿ ಬೆರಳಿಗೆ ತುಸು ಉಬ್ಬು ಸಿಗುತ್ತದೆ. ನೇರಳಾತೀತ ದೀಪದಡಿ ಕಾಗದ ನೀಲಿಯಾಗಿ ಹೊಳೆದರೆ ಕೊಳ್ಳಬೇಡಿ, ಆ ಹೊಳಪಿನ ರಾಸಾಯನಿಕವನ್ನು ಆಗಿನ ಕಾಗದದಲ್ಲಿ ಬಳಸುತ್ತಿರಲಿಲ್ಲ.

ಚಿಲ್ಲರೆಗಾಗಿ ಹೊರಬಂದ ರಟ್ಟಿನ ಸಣ್ಣ ಚೀಟಿಗಳೂ ಇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೂಂದಿ, ಮೋರ್ವಿ ಮೊದಲಾದ ನಮ್ಮ ಸಂಸ್ಥಾನಗಳು ಹೊರಡಿಸಿದ ಕ್ಯಾಶ್ ಕೂಪನ್ನುಗಳನ್ನು ಬಲ್ಲವರಿಗೆ ಇವು ಕೂಡಲೇ ಪರಿಚಿತವೆನಿಸುತ್ತವೆ. 1916ರ ಮೇ ತಿಂಗಳಲ್ಲಿ ಕರ್ರಾನ್ಸಾ ನ್ಯೂಯಾರ್ಕಿನ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯಿಂದ ಮುದ್ರಿಸಿ ತರಿಸಿದ, ಖೋಟಾ ಮಾಡಲಾಗದೆಂದು ಹೇಳಿಕೊಂಡ ಸೊಗಸಾದ ನೋಟುಗಳೂ ವರ್ಷ ಮುಗಿಯುವುದರೊಳಗೆ ನೆಲಕಚ್ಚಿದವು. ನೋಡಲು ಚೆಂದವಾದರೂ ನನಗೆ ಅವುಗಳಲ್ಲಿ ಅಷ್ಟು ಆಸಕ್ತಿಯಿಲ್ಲ.

ಸಂಗ್ರಹವನ್ನು ಕಾಯುವುದಕ್ಕೆ ಮುಂಬಯಿಯಷ್ಟು ಕೆಟ್ಟ ಊರು ಬೇರೆ ಇರಲಾರದು. ಮಳೆಗಾಲದ ತೇವಕ್ಕೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ. ಅಗ್ಗದ ಪಿವಿಸಿ ಆಲ್ಬಮ್ಮಿನ ಹಾಳೆ ಶಾಯಿಯನ್ನೇ ಹೀರಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ, ಸಿಲಿಕಾ ಜೆಲ್ಲಿನ ಪೊಟ್ಟಣ, ಗಾಳಿಯಾಡುವ ಕಪಾಟು. ಠಸ್ಸೆಯ ನೇರಳೆ ಶಾಯಿ ನೀರು ತಾಗಿದರೆ ಹರಡುವುದರಿಂದ ತೊಳೆಯುವ, ಇಸ್ತ್ರಿ ಹಾಕುವ ಉಪಾಯಗಳನ್ನು ಯಾರಾದರೂ ಹೇಳಿದರೆ ಕೇಳಿ ಸುಮ್ಮನಿರುವುದು ಒಳ್ಳೆಯದು.

ಮಾಟುಂಗದ ಗೆಳೆಯರೊಬ್ಬರು, “ರಾಯರೇ, ಈ ಹರಕು ಕಾಗದಕ್ಕೆ ಯಾಕೆ ದುಡ್ಡು ಸುರಿಯುತ್ತೀರಿ?” ಎಂದು ಸಿಕ್ಕಾಗಲೆಲ್ಲ ಕೇಳುತ್ತಾರೆ. ಸುರಿಯುವಷ್ಟೇನೂ ಬೇಕಿಲ್ಲ, ಠಸ್ಸೆ ಬಿದ್ದವುಗಳನ್ನು ಫೋರ್ಟಿನ ವ್ಯಾಪಾರಿ ಬೇರೆಯೇ ಕಟ್ಟಾಗಿ ಇಟ್ಟು, ಕಡಕ್ ನೋಟಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಡುತ್ತಾರೆ. ಹೀಗಾಗಿ ಮೇಲಿನ ವಾದವನ್ನು ನಾನು ಅವರ ಅಂಗಡಿಯಲ್ಲಿ ಮಾತ್ರ ಎತ್ತುವುದಿಲ್ಲ.