ಮೂರನೇ ಬ್ರಾಂಚ್ ಮುಚ್ಚಿದ ಕಥೆ

ಮೊನ್ನೆ ಫ್ರೆಂಡ್ ಒಬ್ಬ ಫೋನ್ ಮಾಡಿ "ಮಗಾ, ನಾನೂ ಇನ್ನೊಂದು ಹೋಟ್ಲು ಹಾಕೋಣ ಅಂತಿದೀನಿ, ಜಾಗ ನೋಡೋಕೆ ಬಾ" ಅಂದ. ಎರಡನೇದಕ್ಕೆ ನಾನೇನು ಬೇಡ ಅನ್ನಲ್ಲ, ನಂದೂ ಎರಡನೇದು ಚೆನ್ನಾಗೇ ನಡೀತಿದೆ. ನನ್ನ ಮಲಗಿಸಿದ್ದು ಮೂರನೇದು. ಫೋನಲ್ಲಿ ಅರ್ಧಂಬರ್ಧ ಹೇಳಿದೆ, ಸಮಾಧಾನ ಆಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ದು ರಾಜಾಜಿನಗರದಲ್ಲಿ ಸಣ್ಣ ದರ್ಶಿನಿ. ಅಪ್ಪಯ್ಯ ಕುಂದಾಪುರ ಕಡೆಯಿಂದ ಬಂದು, ಕಂಡೋರ ಹೋಟ್ಲಲ್ಲಿ ಕ್ಲೀನರ್ ಆಗಿ, ಸಪ್ಲೈಯರ್ ಆಗಿ, ಆಮೇಲೆ ಹಾಕಿದ್ದು. ದರ್ಶಿನಿ ಲೆಕ್ಕ ಗೊತ್ತಲ್ಲ, 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವ್ರು ಕೆಫೆ ದರ್ಶಿನಿ ಶುರು ಮಾಡಿದಾಗಿಂದ ಅದೇ: ಟೋಕನ್ ತಗೋ, ನಿಂತ್ಕೊಂಡು ತಿನ್ನು, ಕೈ ತೊಳ್ಕೊಂಡು ಹೊರಡು. ಒಬ್ಬ ಗಿರಾಕಿ ಹತ್ತು ನಿಮಿಷ ನಿಂತ್ರೆ ಹೆಚ್ಚು. ಒಂದು ಪ್ಲೇಟಲ್ಲಿ ಉಳಿಯೋದು ಚಿಲ್ಲರೆ ಕಾಸು, ಆದ್ರೆ ಆ ಜಾಗಕ್ಕೆ ಗಂಟೆಗೆ ಆರು ಜನ ಬಂದು ಹೋಗ್ತಾರೆ.

2018ರಲ್ಲಿ ನಾಗರಭಾವಿಲಿ ಎರಡನೇದು ಹಾಕಿದ್ವಿ. ಸ್ಕೂಟರಲ್ಲಿ ಇಪ್ಪತ್ತು ನಿಮಿಷ, ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ. ಕೊರೋನಾ ಮುಗಿದ ಮೇಲೆ ಜನ ಎರಡೂ ಕಡೆ ಮುಗಿಬಿದ್ರು ನೋಡಿ, ಆಗ ನನಗೆ ತಲೆ ತಿರುಗ್ತು. 2022ರಲ್ಲಿ ವೈಟ್‌ಫೀಲ್ಡ್ ಕಡೆ 2400 ಸ್ಕ್ವೇರ್ ಫೀಟ್, ಬಾಡಿಗೆ 3 ಲಕ್ಷ, ಹತ್ತು ತಿಂಗಳ ಅಡ್ವಾನ್ಸ್, ಮೂರು ವರ್ಷ ಲಾಕ್-ಇನ್, ಅಂದ್ರೆ ಅಲ್ಲೀವರೆಗೂ ಮಧ್ಯದಲ್ಲಿ ಬಿಡೋ ಹಾಗಿಲ್ಲ. ಎಸಿ, ತೇಗದ ಕುರ್ಚಿ, ಗೋಡೆ ತುಂಬಾ ಹಿತ್ತಾಳೆ ಕಾಫಿ ಫಿಲ್ಟರು. ಅಪ್ಪಯ್ಯ ಬಂದು ಸುತ್ತ ನೋಡಿ "ಮಾಣಿ, ಅಂಗ್ಡಿ ಮೂರ್ ಆಯ್ತ್, ಸರಿ. ನೀನೂ ಮೂರ್ ಜನ ಇರ್ಕಲ?" ಅಂದ್ರು. ನಕ್ಕು ಸುಮ್ಮನಾದೆ.

ದುಡ್ಡು ಎಲ್ಲಿಂದ ಬಂತು ಅಂದ್ರೆ, ಸ್ವಲ್ಪ ಬ್ಯಾಂಕ್ ಲೋನು, ಮಿಕ್ಕಿದ್ದು ಗಲ್ಲಾದಿಂದ. ಹೋಟ್ಲು ಬಿಸಿನೆಸ್ಸಲ್ಲಿ ಇದೇ ದೊಡ್ಡ ಮಾಯೆ ಕಣ್ರೀ, ಗಿರಾಕಿ ತಿನ್ನೋಕ್ ಮುಂಚೇನೇ ದುಡ್ಡು ಕೊಡ್ತಾನೆ, ದಿನಸಿ ಅಂಗಡಿಯವ್ರಿಗೆ ನಾವು ಕೊಡೋದು ತಿಂಗಳ ಮೇಲೆ, ಹಾಗಾಗಿ ಗಲ್ಲಾ ಯಾವಾಗ್ಲೂ ತುಂಬಿರೋ ಥರ ಕಾಣುತ್ತೆ. ಅದು ನನ್ನ ಲಾಭ ಅಂದ್ಕೊಂಡೆ. ನಿಜ ಏನಂದ್ರೆ ನಾನು ಉದ್ದಿನಬೇಳೆಯವ್ರ ದುಡ್ಡಲ್ಲಿ ಕುರ್ಚಿ ಮಾಡಿಸ್ತಿದ್ದೆ.

ಇನ್ನೊಂದು ಏಟು ಆಡಿಟರ್ ತೋರಿಸಿದ್ದು. 2017ರ ನವೆಂಬರ್‌ನಿಂದ ನಮ್ಮಂಥ ಹೋಟ್ಲಿಗೆ ಜಿಎಸ್‌ಟಿ 5%, ಕೇಳೋಕೆ ಚೆಂದ, ಆದ್ರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದ್ರೆ ನಾವು ಕೊಂಡಿದ್ರ ಮೇಲೆ ಕಟ್ಟಿದ ಟ್ಯಾಕ್ಸನ್ನ ನಮ್ಮ ಟ್ಯಾಕ್ಸಲ್ಲಿ ಕಳೆಯೋ ಹಾಗಿಲ್ಲ. ಇಂಟೀರಿಯರ್‌ನವನ ಬಿಲ್ 40 ಲಕ್ಷ ಆದ್ರೆ ಮೇಲೆ 18% ಅಂದ್ರೆ 7 ಲಕ್ಷದ 20 ಸಾವಿರ ಪೂರ್ತಿ ನನ್ನ ತಲೆ ಮೇಲೆ. ಬಾಡಿಗೆ ಮೇಲೂ ಅಷ್ಟೇ, ತಿಂಗಳಿಗೆ 54 ಸಾವಿರ. ಅಷ್ಟು ಎತ್ತೋಕೆ ಎಷ್ಟು ಮಸಾಲೆದೋಸೆ ಹುಯ್ಯಬೇಕು ಲೆಕ್ಕ ಹಾಕಿ.

ಸಂಪಣ, ಅಂದ್ರೆ ದೋಸೆ ಹಿಟ್ಟು, ಅದರ ಕಥೆ ಬೇರೇನೇ. ರುಚಿ ಒಂದೇ ಇರ್ಲಿ ಅಂತ ರಾಜಾಜಿನಗರದಲ್ಲೇ ರುಬ್ಬಿ ಓಮ್ನಿಲಿ ಕಳಿಸ್ತಿದ್ವಿ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟಿದ್ದು ಆರಾಮಾಗಿ ತಲುಪ್ತಿತ್ತು. ಸಂಜೆ ಟಿಫನ್‌ಗೆ ಮಧ್ಯಾಹ್ನ ಎರಡಕ್ಕೆ ಹೊರಡೋದು ನೋಡಿ, ಅದು ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಮುಗೀತು. ಏಪ್ರಿಲಲ್ಲಿ ಒಂದಿನ ಡ್ರೈವರ್ ಫೋನ್ ಮಾಡಿ "ಅಣ್ಣಾ, ಕ್ಯಾನ್ ಮುಚ್ಚಳ ಎದ್ಬಿಟ್ಟಿದೆ" ಅಂದ. ಓಮ್ನಿ ಹಿಂದಿನ ಬಾಗಿಲು ತೆಗೆದ್ರೆ ಹುಳಿ ವಾಸನೆ ಗಪ್ ಅಂತ ಮುಖಕ್ಕೆ, ಹಿಟ್ಟು ಉಕ್ಕಿ ಮ್ಯಾಟ್ ಮೇಲೆಲ್ಲಾ ಹರಡಿ ಇನ್ನೂ ಗುಳ್ಳೆ ಏಳ್ತಾ ಇತ್ತು. ಉಳಿದಿದ್ರಲ್ಲಿ ಹುಯ್ದ ದೋಸೆ ಕಾವಲಿ ಮೇಲೆ ಎಷ್ಟೊತ್ತು ಬಿಟ್ರೂ ಕೆಂಪಗಾಗ್ಲಿಲ್ಲ, ಬೆಳ್ಳಗೆ, ಮೆತ್ತಗೆ. ಅಡುಗೆ ಭಟ್ರು ಸಕ್ಕರೆ ಹಾಕಿ ನೋಡಿದ್ರು, ಬಣ್ಣ ಬಂತು, ಹುಳಿ ಹೋಗ್ಲಿಲ್ಲ.

ಹೌದು, ಭಟ್ರನ್ನೂ ಅಲ್ಲಿಗೇ ಕಳಿಸಿದ್ದೆ. ಇಪ್ಪತ್ತು ವರ್ಷ ಹಳೇ ಹೋಟ್ಲಲ್ಲಿ ಇದ್ದೋರು. ಹದಿನೈದೇ ದಿನಕ್ಕೆ ರಾಜಾಜಿನಗರದ ವಾಕಿಂಗ್ ಗುಂಪಿನ ಯಜಮಾನ್ರೊಬ್ರು ಚಟ್ನಿ ಬಟ್ಲು ಗಲ್ಲಾ ಮೇಲೆ ಇಟ್ಟು "ಏನಪ್ಪಾ ಇದು, ನಿಮ್ದೇನಾ?" ಅಂತ ಕೇಳಿದ್ರು. ಬೈದಿದ್ರೂ ಪರ್ವಾಗಿರ್ಲಿಲ್ಲ.

ಜನ ಬರ್ತಿರ್ಲಿಲ್ಲ ಅಂತಲ್ಲ. ಮಂಗಳವಾರದಿಂದ ಗುರುವಾರ ತುಂಬಿರೋದು, ಸೋಮವಾರ ಶುಕ್ರವಾರ ಎಲ್ಲಾ ಮನೆಯಿಂದ ಕೆಲಸ, ಖಾಲಿ. ಬಂದೋರು ಲ್ಯಾಪ್‌ಟಾಪ್ ತೆಗೆದು, ಬೈಟೂ ಕಾಫಿಗೆ ಒಂದೂವರೆ ಗಂಟೆ. ಅವ್ರ ತಪ್ಪಲ್ಲ ಬಿಡಿ, ಕುರ್ಚಿ ಹಾಕಿ ಎಸಿ ಬಿಟ್ಟೋನು ನಾನು. ದರ್ಶಿನಿ ರೇಟಲ್ಲಿ ರೆಸ್ಟೋರೆಂಟ್ ನಡೆಸೋಕೆ ಹೋಗಿದ್ದೆ. ಅಷ್ಟರಲ್ಲಿ 2023ರ ಜುಲೈ, ಟೊಮ್ಯಾಟೊ ಕೆಜಿಗೆ ನೂರು ದಾಟ್ತು, ಆಗಸ್ಟಲ್ಲಿ ನಂದಿನಿ ಹಾಲು 3 ರೂಪಾಯಿ ಜಾಸ್ತಿ. ಸಾಂಬಾರ್ ತೆಳ್ಳಗೆ ಮಾಡಿ ಅಂತ ನಾನೇ ಭಟ್ರಿಗೆ ಹೇಳಿದೆ. ಅವ್ರು ಏನೂ ಮಾತಾಡ್ಲಿಲ್ಲ, ಸೌಟು ಕೆಳಗಿಟ್ಟು ಹೊರಗೆ ಹೋಗಿ ನಿಂತ್ಕೊಂಡ್ರು.

ಆ ವರ್ಷ ದೀಪಾವಳಿ ಆದ್ಮೇಲೆ ಮುಚ್ಚಿದೆ. ಲಾಕ್-ಇನ್ ಇತ್ತಲ್ಲ, ಅಡ್ವಾನ್ಸ್ ಬರ್ಲಿಲ್ಲ. ಭಟ್ರು ವಾಪಸ್ ಬಂದ್ರು, ಅದೇ ದೊಡ್ಡದು. ದಿನಸಿಯವ್ರ ಬಾಕಿ ತೀರೋಕೆ ಇನ್ನೊಂದು ವರ್ಷ ಹಿಡೀತು, ಹೆಂಡತಿ ಬಳೆ ಇನ್ನೂ ಬ್ಯಾಂಕಲ್ಲೇ ಇದೆ.

ಕುರ್ಚಿಗಳನ್ನ ಹಳೇ ಸಾಮಾನಿನವನು ಒಂದಕ್ಕೆ 600ರ ಹಾಗೆ ತಗೊಂಡ. ಒಂದು ಮಾತ್ರ ಇಟ್ಕೊಂಡೆ, ರಾಜಾಜಿನಗರದಲ್ಲಿ ಗಲ್ಲಾ ಪಕ್ಕ ಹಾಕಿದೀವಿ. ಎಲ್ರೂ ನಿಂತು ತಿನ್ನೋ ಕಡೆ ಅಪ್ಪಯ್ಯ ಒಬ್ರೇ ಕೂತು ಪೇಪರ್ ಓದ್ತಾರೆ. ಮೊನ್ನೆ ಕೈ ಸವರಿ ನೋಡಿ "ಕುರ್ಚಿ ಲಾಯ್ಕ್ ಇತ್ತ್ ಕಾಣ್" ಅಂದ್ರು.