ಬೀದರಿನವರು ಬುರ್ಸಾ ಬಿಟ್ಟು ಬರಬೇಡಿ

ಟರ್ಕಿ ಟೂರ್ ಮಾಡುವ ನಮ್ಮ ಕಡೆಯವರು ಇಸ್ತಾಂಬುಲ್ ನೋಡುತ್ತಾರೆ, ಕಪಡೋಕಿಯಾದಲ್ಲಿ ಬಲೂನ್ ಹತ್ತುತ್ತಾರೆ, ಊರಿಗೆ ಬರುತ್ತಾರೆ. ಬುರ್ಸಾ ಕಡೆ ಯಾರೂ ಹೋಗಲ್ಲ. ನಮ್ಮ ಬೀದರಿನವರಾದರೂ ಹೋಗಬೇಕು ನೋಡ್ರಿ.

ಯಾಕಂದ್ರೆ ಅಲ್ಲಿ ನಮ್ಮ ಮಹಮೂದ್ ಗವಾನನ ವ್ಯಾಪಾರವಿತ್ತು. ಇರಾನಿನ ಗೀಲಾನ್‌ನಿಂದ ಬೀದರಿಗೆ ಅವನು ಬಂದದ್ದೇ ವ್ಯಾಪಾರಿಯಾಗಿ. ಬಹಮನಿ ಸುಲ್ತಾನರ ಮಂತ್ರಿಯಾದ ಮೇಲೂ ವ್ಯಾಪಾರ ಬಿಡಲಿಲ್ಲ. ಅವನ ಜನ ಹಿಂದುಸ್ತಾನದ ಬಟ್ಟೆ ತಂದು ಬುರ್ಸಾದಲ್ಲಿ ಮಾರುತ್ತಿದ್ದರು ಅಂತ ಆ ಊರಿನ ಖಾಜಿ ಕಚೇರಿಯ 1480ರ ಆಸುಪಾಸಿನ ದಾಖಲೆಗಳಲ್ಲೇ ಇದೆ. ಅವನು ಹುಟ್ಟಿದ ಗೀಲಾನ್‌ನ ರೇಷ್ಮೆಯೂ ಒಂಟೆ, ಕುದುರೆಗಳ ಮೇಲೆ ಇದೇ ಪೇಟೆಗೆ ಬರುತ್ತಿತ್ತು. ಇದನ್ನು ಓದಿದ ಮೇಲೆ ನನಗೆ ಹೋಗದೆ ಇರಲು ಆಗಲಿಲ್ಲ.

ಇಸ್ತಾಂಬುಲಿನಿಂದ ಹಡಗಿನಲ್ಲಿ ಮರ್ಮರಾ ಸಮುದ್ರ ದಾಟಿ ಮುದಾನ್ಯಾದಲ್ಲಿ ಇಳಿದೆ, ಅಲ್ಲಿಂದ ಬುರ್ಸಾ ದೂರವಿಲ್ಲ. ಹಿಂದೆ ಉಲುದಾಗ್ ಬೆಟ್ಟ, ನಡುವೆ ಹಳೇ ಪೇಟೆ. ಎಲ್ಲರೂ ಹೋಗುವುದು ಕೋಜಾ ಹಾನ್‌ಗೆ: 1491ರಲ್ಲಿ ಕಟ್ಟಿದ ರೇಷ್ಮೆ ವ್ಯಾಪಾರಿಗಳ ಛತ್ರ, ಎರಡು ಅಂತಸ್ತು, ಅಂಗಳದ ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ, ಸುತ್ತ ಚಹಾ ಕುಡಿಯುವ ಜನ. ಈಗಲೂ ರೇಷ್ಮೆ ಶಾಲಿನ ಅಂಗಡಿಗಳೇ ಜಾಸ್ತಿ. ಆದರೆ ಗವಾನ್ ತೀರಿಕೊಂಡದ್ದು 1481ರಲ್ಲಿ, ಇದು ಆಮೇಲಿನದು. ಅವನ ಜನ ಬಂದಾಗ ಇದ್ದದ್ದು ಪಕ್ಕದ ಎಮಿರ್ ಹಾನ್ ಮತ್ತು ಬೆಡೆಸ್ತಾನ್ ಅನ್ನುವ ಮುಚ್ಚಿದ ಮಾರುಕಟ್ಟೆ. ಅದಕ್ಕೆ ನಾನು ಆ ಎರಡರಲ್ಲೇ ಸುಮ್ನೆ ತುಂಬಾ ಹೊತ್ತು ಓಡಾಡಿದೆ. ಬೀದರಿನಿಂದ ಇಷ್ಟು ದೂರ, ಸಮುದ್ರ, ಮರಳುಗಾಡು ಎಲ್ಲ ದಾಟಿ ಬಟ್ಟೆಯ ಗಂಟು ಬಂದು ಇಲ್ಲೇ ಬಿಚ್ಚಿಕೊಂಡಿತ್ತು ಅಂದರೆ ಮೈ ಜುಮ್ಮೆನ್ನುತ್ತದೆ.

ಊರಿನ ದೊಡ್ಡ ಮಸೀದಿ ಉಲು ಜಾಮಿಯ 20 ಗುಮ್ಮಟಗಳು, ಒಳಗಿನ ನೀರಿನ ಕಾರಂಜಿ ಚೆನ್ನಾಗಿವೆ. ಇಸ್ಕೆಂದರ್ ಕಬಾಬ್ ಇದೇ ಊರಿನದು, ತಿನ್ನಿ. ಆದರೆ ನನ್ನನ್ನು ಕಟ್ಟಿಹಾಕಿದ್ದು ಹಸಿರು ಮಸೀದಿ. ಅಲ್ಲಿನ ಗೋಡೆಗಳ ಬಣ್ಣದ ಹೆಂಚುಗಳು ಇರಾನಿನ ತಬ್ರೀಜಿನ ಕುಶಲಿಗರ ಕೆಲಸ. ನೀಲಿ, ಹಸಿರು, ಹಳದಿ ಇನ್ನೂ ಹೊಳೆಯುತ್ತವೆ. ಬೀದರಿನಲ್ಲಿ ಗವಾನ್ ಕಟ್ಟಿಸಿದ 1472ರ ನಮ್ಮ ಮದರಸಾಕ್ಕೂ ಇರಾನಿನ ಇದೇ ಕಲೆಯ ಹೆಂಚು ಹಾಕಿದ್ದರು. ಔರಂಗಜೇಬನ ಕಾಲದಲ್ಲಿ ಕೋವಿಮದ್ದು ಸಿಡಿದು ಅರ್ಧ ಕಟ್ಟಡ ಹೋಯಿತು, ಉಳಿದ ಗೋಡೆಯಲ್ಲಿ ತುಣುಕುಗಳಷ್ಟೇ ಇವೆ. ಪೂರ್ತಿ ಇದ್ದಾಗ ಹೇಗಿತ್ತು ಅಂತ ತಿಳಿಯಬೇಕಾದರೆ ಬುರ್ಸಾದ ಆ ಗೋಡೆಗಳ ಮುಂದೆ ನಿಲ್ಲಬೇಕು.

ಇಸ್ತಾಂಬುಲಿನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಟೂರ್ ಬೇಡ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಶಾಲು ಕೊಳ್ಳುವಾಗ ಅಪ್ಪಟ ರೇಷ್ಮೆ ಹೌದೋ ಅಲ್ಲವೋ ಕೇಳಿಕೊಳ್ಳಿ.